ಶೇರ್ಜಾ ಬುರುಜಿನ ಸಿಂಹ, ಎರೆಬಯಲಿನ ತೋಳ

ವಿಜಯಪುರದ ಪಶ್ಚಿಮದ ಕೋಟೆಗೋಡೆಯಲ್ಲಿರುವ ಶೇರ್ಜಾ ಬುರುಜನ್ನೇರಿ, ಮಲಿಕ್-ಎ-ಮೈದಾನ್ ಎಂಬ ಹೆಸರಾಂತ ತೋಪಿನ ಮುಂದೆ ನಿಂತವನಿಗೆ ಮೊದಲು ಕಾಣುವುದು ಅದರ ಗಾತ್ರವಾದರೂ, ಬಹುಕಾಲ ಮನಸ್ಸಿನಲ್ಲಿ ಉಳಿಯುವುದು ಅದರ ಬಾಯಿಯ ಶಿಲ್ಪವೇ ಆಗಿರುತ್ತದೆ. ಹದಿನಾಲ್ಕು ಅಡಿಗೂ ಮಿಕ್ಕ ಉದ್ದ, ಸುಮಾರು 55 ಟನ್ ತೂಕವುಳ್ಳ ಆ ಲೋಹದ ಎರಕದ ತುದಿಯಲ್ಲಿ ಬಾಯ್ದೆರೆದ ಸಿಂಹಮುಖವಿದೆ. ಸಿಂಹದ ದವಡೆಗೆ ಸಿಕ್ಕು ನಜ್ಜುಗುಜ್ಜಾಗುತ್ತಿರುವ ಆನೆಯನ್ನು ಎರಕಗಾರನು ಎಷ್ಟು ಕಿರಿದಾಗಿ ರೂಪಿಸಿದ್ದಾನೆಂದರೆ, ಅರಣ್ಯದ ಆ ಮಹಾಕಾಯವು ಇಲ್ಲಿ ಇಲಿಯ ಅವಸ್ಥೆಗೆ ಇಳಿದಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬವನು ಎರೆದ ಈ ತೋಪು, ಪರಾಂಡಾ ಕೋಟೆಯಲ್ಲಿ ಕೆಲಕಾಲವಿದ್ದು, 1632ರಲ್ಲಿ ಆದಿಲಶಾಹಿಗಳ ರಾಜಧಾನಿಗೆ ಬಂದಿತು. ಅದನ್ನು ಎಳೆದು ತರಲು ಹತ್ತು ಆನೆ, ನಾನೂರು ಎತ್ತು ಮತ್ತು ನೂರಾರು ಆಳು ಬೇಕಾಯಿತೆಂದು ಹೇಳುವುದುಂಟು. ಆ ಮಾತು ದಿಟವಾದರೆ, ಆನೆಯನ್ನು ಜಗಿಯುವ ಸಿಂಹವನ್ನು ಹೊತ್ತು ತಂದವುಗಳಲ್ಲಿ ಆನೆಗಳೇ ಮುಂದಾಳುಗಳಾಗಿದ್ದವು ಎಂದಾಯಿತು. ತಾವು ಎಳೆಯುತ್ತಿರುವುದು ಏನೆಂಬುದನ್ನು ಬಲ್ಲ ಮಾರ್ಗ ಆ ಪ್ರಾಣಿಗಳಿಗೆ ಇರಲಿಲ್ಲ.

ಪ್ರಕೃತಿಯಲ್ಲಿ, ಪೂರ್ಣ ಬೆಳೆದ ಆನೆಯನ್ನು ಸಿಂಹ ಕೊಲ್ಲುವುದು ಅತ್ಯಪೂರ್ವ. ನಮ್ಮ ಕಾವ್ಯದಲ್ಲಿಯಾದರೋ ಅದು ನಿತ್ಯದ ಸಂಗತಿ: ಮದಗಜದ ಕುಂಭಸ್ಥಳವನ್ನು ಸಿಂಹ ಸೀಳುವುದು, ಸೀಳಿದೆಡೆಯಿಂದ ಮುತ್ತುಗಳು ಚೆಲ್ಲುವುದು ಕವಿಗಳ ರೂಢಿಯ ವರ್ಣನೆಗಳಲ್ಲೊಂದು, ಆನೆಯ ಮೇಲೆರಗಿದ ಸಿಂಹದ ರೂಪವನ್ನು ದೇವಾಲಯಗಳೂ ಕೋಟೆಗಳೂ ಸಮಾನವಾಗಿ ಧರಿಸಿದವು. ಭಾರತದಲ್ಲಿ ಸಿಂಹದ ನೆಲೆ ನರ್ಮದೆಯ ಉತ್ತರಕ್ಕಿದ್ದುದರಿಂದ, ಇಲ್ಲಿಯ ಶಿಲ್ಪಿಗೆ ಕಾಡಿನ ಸಿಂಹವನ್ನು ಕಾಣುವ ಸಂದರ್ಭವೇ ಇರಲಿಲ್ಲ. ಪರಿಚಯವಿಲ್ಲದ ಮೃಗದಲ್ಲಿ ಬೇಕಾದ ಗುಣಗಳನ್ನೆಲ್ಲ ತುಂಬುವುದು ಸುಲಭ. ಅದು ಎದ್ದು ಬಂದು ಅಲ್ಲಗಳೆಯುವುದಿಲ್ಲ. ಅರಸನ ಪರಾಕ್ರಮ, ಕ್ಷಮೆಯಿಲ್ಲದ ಜಯ, ಶತ್ರುವಿನ ಸಂಪೂರ್ಣ ವಿನಾಶ, ಇವೆಲ್ಲವನ್ನೂ ಆ ಹೆಸರಿನ ಪ್ರಾಣಿ ಶತಮಾನಗಳ ಕಾಲ ಹೊತ್ತು ನಿಂತಿತು. ಆದರೆ 1854ರಲ್ಲಿ ಇಂಗ್ಲಿಷ್ ಆಡಳಿತದವರು ಈ ಸಿಂಹಮುಖದ ತೋಪನ್ನು ಹರಾಜಿಗಿಟ್ಟಾಗ ಬಂದ ಗರಿಷ್ಠ ಸವಾಲು ಕೇವಲ 150 ರೂಪಾಯಿ. ಅಷ್ಟಕ್ಕೆ ಕೊಡಲೊಲ್ಲದೆ ಉಳಿಸಿಕೊಂಡರು.

ಬುರುಜಿನಿಂದ ಪಡುವಲಿಗೆ ತಿಕೋಟೆಯ ದಾರಿ ಹಿಡಿದರೆ ಕೆಲವೇ ಮೈಲಿಗಳಲ್ಲಿ ತೊರವಿ. ಇಲ್ಲಿಯ ನರಸಿಂಹನ ಅಂಕಿತದಲ್ಲಿ ಕುಮಾರ ವಾಲ್ಮೀಕಿಯು ತೊರವೆ ರಾಮಾಯಣವನ್ನು ರಚಿಸಿದನು. ಸಿಂಹದ ಶಿರಸ್ಸನ್ನೂ ಮನುಷ್ಯನ ದೇಹವನ್ನೂ ಒಂದಾಗಿಸಿದ ದೇವರ ಸನ್ನಿಧಿಯಲ್ಲಿಯೇ ಕಪಿಯ ಸ್ವಾಮಿಭಕ್ತಿ, ಹದ್ದಿನ ಆತ್ಮಾರ್ಪಣೆ, ಕರಡಿಯ ವಿವೇಕಗಳ ಕಥೆ ಕನ್ನಡದಲ್ಲಿ ಮತ್ತೊಮ್ಮೆ ಮೈದಾಳಿತೆಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ಇದೇ ತೊರವಿಯ ಬಳಿ ಇಮ್ಮಡಿ ಇಬ್ರಾಹಿಂ ಆದಿಲಶಹನು 1599ರಲ್ಲಿ ನೌರಸ್‌ಪುರವನ್ನು ಕಟ್ಟಿಸಲು ತೊಡಗಿದನು. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರನ ಸೇನೆ ಅದನ್ನು ಹಾಳುಗೆಡವಿತು.

ತೋಪಿನ ಬಾಯಲ್ಲಿ ಶತ್ರುವಿನ ಪಾತ್ರ ವಹಿಸಿದ ಆನೆ, ಸುಲ್ತಾನ ಇಬ್ರಾಹಿಂನ ಕೃತಿಯಲ್ಲಿ ಪ್ರಿಯಜನವಾಗಿದೆ. ದಖನಿಯಲ್ಲಿ ಅವನು ರಚಿಸಿದ, ರಾಗಗಳಿಗೆ ಹೊಂದಿಸಿದ ಗೀತಗಳ ಸಂಗ್ರಹವಾದ ‘ಕಿತಾಬ್-ಎ-ನೌರಸ್’ನಲ್ಲಿ ಸರಸ್ವತಿ, ಗಣಪತಿ, ಗುಲ್ಬರ್ಗದ ಗೇಸುದರಾಜರ ಸ್ತುತಿಗಳ ಜತೆಗೆ ‘ಮೋತಿ ಖಾನ್’ ಎಂದು ಅವನು ಹೆಸರಿಟ್ಟ ತಂಬೂರಿಯೂ, ಆತಶ್ ಖಾನ್ ಎಂಬ ಅವನ ಪಟ್ಟದಾನೆಯೂ ಸ್ಥಾನ ಪಡೆದಿವೆ. ಆನೆಯ ಅಗಲಿಕೆಯನ್ನು ಅವನು ನಲ್ಲೆಯ ಅಗಲಿಕೆಯಂತೆಯೇ ವಿರಹದ ಪರಿಭಾಷೆಯಲ್ಲಿ ಹಾಡಿಕೊಂಡಿರುವನು. ಅವನ ಕಾಲದ ಚಿತ್ರಕಾರರು ಆತಶ್ ಖಾನನ ಮೇಲೆ ಕುಳಿತ ಸುಲ್ತಾನನನ್ನು ಚಿತ್ರಿಸಿರುವರು. ಚಂಚಲ್ ಎಂಬ ಇನ್ನೊಂದು ಆನೆಯ ಕಥೆ ಬೇರೆ: ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗನು 1604ರಲ್ಲಿ ಅದನ್ನು ಆಗ್ರಾಕ್ಕೆ ಕೊಂಡೊಯ್ದನು.

ಈ ಪ್ರೀತಿ ಕಪಟವಾಗಿರಲಿಲ್ಲ ಎಂದೇ ನನ್ನ ನಂಬಿಕೆ. ಆದರೆ ಅರಮನೆಯ ಆನೆಗಳು ಬಹುಮಟ್ಟಿಗೆ ಕಾಡಿನಿಂದ ಹಿಡಿದು ತಂದವುಗಳೆಂಬುದನ್ನು ನೆನೆದಾಗ, ಅಗಲಿಕೆಯ ಪ್ರಶ್ನೆ ಬೇರೊಂದು ಮುಖವನ್ನು ತೋರುತ್ತದೆ. ಹೆಣ್ಣಾನೆಗಳೂ ಮರಿಗಳೂ ತಾಯಿ-ಅಜ್ಜಿಯರ ನೇತೃತ್ವದ ಹಿಂಡಿನಲ್ಲಿ ಬಾಳುವವು. ಬಂಧುಗಳ ಗುರುತನ್ನು ದೀರ್ಘಕಾಲ ಮರೆಯದವು. ಖೆಡ್ಡದೊಳಗೆ ಸಿಕ್ಕಿಬಿದ್ದ ದಿನವೇ ಅವುಗಳ ನಿಜವಾದ ಅಗಲಿಕೆ ಆರಂಭವಾಗಿತ್ತು. ಅದರ ವಿಷಯವಾಗಿ ಯಾವ ರಾಗದಲ್ಲಿಯೂ ಯಾರೂ ಹಾಡಲಿಲ್ಲ. ಮದವೇರಿದ ಗಂಡಾನೆಯನ್ನು ಸರಪಳಿಯಲ್ಲಿ ಬಿಗಿದು, ಅದರ ಕಪೋಲದ ಸ್ರಾವವನ್ನು ಕವಿಗಳು ಶೃಂಗಾರವೆಂದು ವರ್ಣಿಸಿದರು. ಅದು ದೇಹದ ಋತುಧರ್ಮ.

ಇನ್ನು ತಿಕೋಟೆ, ಬಬಲೇಶ್ವರಗಳ ಸುತ್ತಿನ ಬಯಲಿನಲ್ಲಿ, ಡೋಣಿ ಹೊಳೆಯ ಎರೆಹೊಲಗಳ ಅಂಚಿನಲ್ಲಿ, ನಿಜಕ್ಕೂ ಮನೆಮಾಡಿದ್ದ ಮೃಗಗಳು ಚಿಗರಿ, ನರಿ, ತೋಳ. ಇವುಗಳಲ್ಲಿ ತೋಳನಿಗೆ ದೊರೆತ ಗೌರವವೆಂದರೆ ಒಂದು ಗಾದೆ: ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಬುರುಜಿನ ಸಿಂಹಕ್ಕೆ ಶೌರ್ಯ, ಬಯಲಿನ ತೋಳಕ್ಕೆ ದುರಾಸೆ ಎಂದು ಹಂಚಿಕೊಟ್ಟವರು ನಾವೇ. ಕುರಿಹಟ್ಟಿಗೆ ನುಗ್ಗಿ ಮರಿಯನ್ನೆತ್ತುವ ತೋಳದಿಂದ ಕುರುಬನಿಗಾಗುವ ನಷ್ಟವನ್ನು ಹಗುರವಾಗಿ ಕಾಣುವುದು ಅನ್ಯಾಯ. ಒಂದು ಕುರಿ ಎಂದರೆ ಅವನಿಗೆ ಒಂದು ಋತುವಿನ ಗಳಿಕೆಯ ಭಾಗ. ಆದರೆ ತೋಳನ ಬಾಳುವೆಯನ್ನು ನೋಡಿದವರು ಹೇಳುವಂತೆ, ಗಂಡುಹೆಣ್ಣುಗಳೆರಡೂ ಮರಿಗಳಿಗೆ ಆಹಾರ ತರುತ್ತವೆ. ತಾವು ನುಂಗಿದ ಮಾಂಸವನ್ನು ಬಿಲದ ಮುಂದೆ ಕಕ್ಕಿ ಮರಿಗಳಿಗೆ ಉಣಿಸುತ್ತವೆ. ಹಿರಿಯ ಮರಿಗಳು ಕಿರಿಯವನ್ನು ಕಾಯುತ್ತವೆ. ಇದನ್ನು ದಾಂಪತ್ಯನಿಷ್ಠೆಯೆಂದೂ ಭ್ರಾತೃಪ್ರೇಮವೆಂದೂ ಕೊಂಡಾಡಿದರೆ ಸಿಂಹಕ್ಕೆ ಮಾಡಿದ್ದನ್ನೇ ತೋಳಕ್ಕೂ ಮಾಡಿದಂತಾಗುವುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ತೋಳ ಈಗ ರಕ್ಷಿತ ಪ್ರಾಣಿ. ಅತ್ತ ಕೃಷ್ಣೆಯ ನೀರು ತುಬಚಿ-ಬಬಲೇಶ್ವರ ಏತ ನೀರಾವರಿಯ ಮೂಲಕ ಮೇಲೇರಿ ಬಂದು, ಒಣಭೂಮಿ ದ್ರಾಕ್ಷಿ, ದಾಳಿಂಬೆಗಳ ತೋಟವಾಗುತ್ತಿದೆ. ರೈತನ ಬಾಳಿಗೆ ಇದು ಬಹುಕಾಲದ ಬಯಕೆಯ ಈಡೇರಿಕೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಹುಲ್ಲುಗಾವಲು, ಮುಳ್ಳುಕಂಟಿಯ ಏರು, ಹಳ್ಳದ ದಂಡೆಯ ಕೊರಕಲುಗಳು ತೋಟದೊಳಗೆ ಕರಗಿದಂತೆಲ್ಲ, ತೋಳ ಮರಿಹಾಕಲು ಆಯ್ದುಕೊಳ್ಳುವ ಬಿಲಗಳ ಜಾಗವೂ ಕರಗುತ್ತದೆ. ಹರಾಜಿಗೆ ಬಂದ ಕಂಚಿನ ಸಿಂಹವನ್ನು ಬೆಲೆ ಸಾಲದೆಂಬ ಕಾರಣಕ್ಕೆ ಉಳಿಸಿಕೊಂಡ ನಾಡು, ಈ ಕೊರಕಲುಗಳಲ್ಲಿ ಒಂದಷ್ಟನ್ನಾದರೂ ಅಳತೆಹಾಕಿ, ಗಡಿಕಲ್ಲು ನೆಟ್ಟು, ತೋಳನ ಪಾಲಿಗೆ ಬಿಡುವುದು ಅಗತ್ಯ. ಕುರಿ ಕಳೆದುಕೊಂಡ ಕುರುಬನಿಗೆ ಪರಿಹಾರದ ಹಣ ಹಲವು ತಿಂಗಳು ಕಾಯಿಸದೆ ಕೈಸೇರುವುದೂ ಅಷ್ಟೇ ಅಗತ್ಯ.