ಕಾಫಿ ತಳಿಗೆ ಮತ್ತೆ ಹೆಸರು ಬಂದ ಕಥೆ

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕೆಲವು ಯುವ ಬೆಳೆಗಾರರು ಈಗ ತೋಟದ ಹಣ್ಣನ್ನೆಲ್ಲ ಒಂದೇ ರಾಶಿಗೆ ಸುರಿಯುವುದಿಲ್ಲ. ಒಂದೊಂದು ತಳಿಯ ಹಣ್ಣನ್ನು ಬೇರೆ ಬೇರೆ ಕೊಯ್ಯುತ್ತಾರೆ, ಬೇರೆಯಾಗಿ ಹುಳಿ ಬರಿಸುತ್ತಾರೆ, ಬೇರೆಯಾಗಿ ಒಣಗಿಸುತ್ತಾರೆ. ಚೀಲದ ಮೇಲೆ ತಳಿಯ ಹೆಸರು ಬರೆಯುತ್ತಾರೆ. ಇದೇನು ಹೊಸ ಶೋಕಿ ಎನ್ನುವ ಹಿರಿಯರಿದ್ದಾರೆ. ನಿಜವಾಗಿ ಹೆಸರುಗಳು ಹಳೆಯವೇ. ಅವು ಮರೆತುಹೋಗಲು ಎರಡು ಕಾರಣಗಳಿದ್ದವು: ಒಂದು ರೋಗ, ಇನ್ನೊಂದು ವ್ಯವಸ್ಥೆ.

ಬಾಬಾಬುಡನ್ ಮೆಕ್ಕಾ ಯಾತ್ರೆಯಿಂದ ಏಳು ಬೀಜ ತಂದರೆಂಬ ಕಥೆ ಎಲ್ಲರಿಗೂ ಗೊತ್ತು. ಆ ಬೆಟ್ಟದ ಸುತ್ತ ಹಬ್ಬಿದ ಹಳೆಯ ತಳಿಗೆ ‘ಚಿಕ್’ ಎಂಬ ಹೆಸರಿತ್ತು, ಚಿಕ್ಕಮಗಳೂರಿನದೇ ಮೊಟಕು ರೂಪ. 19ನೇ ಶತಮಾನದಲ್ಲಿ ಬಿಳಿ ಕಾಂಡಕೊರಕ ಮತ್ತು ಎಲೆ ತುಕ್ಕು ರೋಗ ಅದನ್ನು ತಿಂದುಹಾಕಿದವು. ಅದರ ಜಾಗಕ್ಕೆ ಬಂದ ‘ಕೂರ್ಗ್’ ತಳಿಯೂ ತುಕ್ಕಿಗೆ ಸೋತಿತು. 20ನೇ ಶತಮಾನದ ಆರಂಭದಲ್ಲಿ ಹಾಸನ ಜಿಲ್ಲೆಯ ದೊಡ್ಡೇನಗುಡ್ಡ ಎಸ್ಟೇಟಿನ ಕೆಂಟ್ ಎಂಬ ಇಂಗ್ಲಿಷ್ ಬೆಳೆಗಾರ ತುಕ್ಕು ತಡೆದ ಗಿಡಗಳನ್ನು ಆರಿಸಿ ಬೆಳೆಸಿದ. ಅದೇ ‘ಕೆಂಟ್ಸ್’. ಆದರೆ ತುಕ್ಕಿನ ಹೊಸ ರೂಪಗಳು ಬಂದಾಗ ಕೆಂಟ್ಸ್ ಕೂಡ ಮಣಿಯಿತು.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿ ಕೆಂಟ್ಸ್ ಜೊತೆ ಎಸ್. 288 ತಳಿಯನ್ನು ಸಂಕರಿಸಿ ಹುಟ್ಟಿಸಿದ್ದು ಎಸ್. 795. 1940ರ ದಶಕದಲ್ಲಿ ಬೆಳೆಗಾರರ ಕೈ ಸೇರಿದ ಇದು ಮಲೆನಾಡನ್ನೆಲ್ಲ ತುಂಬಿತು. ಕೆಂಟ್ಸ್ ತೋಟದಿಂದ ಮರೆಯಾದರೂ 795ರ ರಕ್ತದಲ್ಲಿ ಉಳಿಯಿತು. ಇದೇ ತಳಿ ಇಂಡೊನೇಷ್ಯಾಕ್ಕೆ ಹೋಗಿ ‘ಜೆಂಬರ್’ ಎಂಬ ಹೆಸರು ಪಡೆಯಿತು. ನಮ್ಮಲ್ಲಿ ಮಾತ್ರ ಬರೀ ನಂಬರಾಗಿಯೇ ಉಳಿಯಿತು.

ಯಾಕೆಂದರೆ ಆ ಹೊತ್ತಿಗೆ ಎರಡನೇ ಕಾರಣ ಬಂದಿತ್ತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಲೆ ಕುಸಿದಾಗ, 1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ಕಾಫಿಯನ್ನು ಮಂಡಳಿಯ ‘ಪೂಲ್’ಗೆ ಕೊಡಬೇಕಾಯಿತು. ಕ್ಯೂರಿಂಗ್ ವರ್ಕ್ಸಿಗೆ ಹೋದ ಮೇಲೆ ಯಾರ ತೋಟದ್ದು, ಯಾವ ತಳಿ ಎಂಬ ಪ್ರಶ್ನೆಯೇ ಇಲ್ಲ. ಗ್ರೇಡಿಗೆ ತಕ್ಕಂತೆ ಪಾಯಿಂಟ್, ಪಾಯಿಂಟಿಗೆ ತಕ್ಕಂತೆ ದುಡ್ಡು, ಅದೂ ಕಂತಿನಲ್ಲಿ. ಈ ಪೂಲ್ ಸಣ್ಣ ಬೆಳೆಗಾರರನ್ನು ಕಷ್ಟಕಾಲದಲ್ಲಿ ಕಾಪಾಡಿತು, ನಿಜ. ಆದರೆ ರುಚಿ ಒಳ್ಳೆಯದಿದ್ದು ಇಳುವರಿ ಕಡಿಮೆ ಇರುವ ತಳಿಯನ್ನು ಉಳಿಸಿಕೊಳ್ಳಲು ಅಲ್ಲಿ ಯಾವ ಲಾಭವೂ ಇರಲಿಲ್ಲ.

1992ರಿಂದ ಹಂತಹಂತವಾಗಿ ಸಡಿಲಗೊಂಡ ಈ ಕಟ್ಟು 1996ರಲ್ಲಿ ಪೂರ್ತಿ ಬಿಚ್ಚಿತು. ಬೇರೆಯಾಗಿ ಇಟ್ಟರೆ ಏನಾಗಬಹುದು ಎಂಬುದನ್ನು ಜಗತ್ತಿಗೆ ತೋರಿಸಿದ್ದು ಪನಾಮ. ಇಥಿಯೋಪಿಯಾ ಮೂಲದ ‘ಗೇಶಾ’ ಅಲ್ಲಿಗೆ ಬಂದದ್ದೂ ತುಕ್ಕು ತಡೆಯುವ ಗಿಡವೆಂದೇ. ವರ್ಷಗಟ್ಟಲೆ ಬೇರೆ ಕಾಫಿಯೊಳಗೆ ಬೆರೆತುಹೋಗುತ್ತಿತ್ತು. ಎಸ್ಮೆರಾಲ್ಡಾ ತೋಟದ ಪೀಟರ್ಸನ್ ಕುಟುಂಬ ಅದನ್ನು ಬೇರ್ಪಡಿಸಿ ರುಚಿ ನೋಡಿ, 2004ರ ಹರಾಜಿಗಿಟ್ಟಾಗ ಪೌಂಡಿಗೆ 21 ಡಾಲರ್ ಸಿಕ್ಕಿತು. ಗಿಡ ಹೊಸದಲ್ಲ, ಬೇರ್ಪಡಿಸಿದ್ದು ಹೊಸದು.

ನಮ್ಮ ಯುವ ಬೆಳೆಗಾರರು ಮಾಡುತ್ತಿರುವುದೂ ಇದನ್ನೇ. ಆದರೆ ಕೆಲಸ ಸುಲಭವಲ್ಲ. ಹಣ್ಣಾದದ್ದನ್ನಷ್ಟೇ ಆರಿಸಿ ಕೊಯ್ಯಲು ಮೂರು ನಾಲ್ಕು ಸುತ್ತು ಆಳು ಬೇಕು. ಹುಳಿ ಬರಿಸುವಾಗ ಒಂದಿಷ್ಟು ಹದ ತಪ್ಪಿದರೆ, ಒಣಗಿಸುವಾಗ ಅಕಾಲದ ಮಳೆ ಬಂದರೆ, ಇಡೀ ಲಾಟ್ ಹೋಯಿತು. ಕಾಂಡಕೊರಕವೂ ತುಕ್ಕೂ ತೋಟ ಬಿಟ್ಟು ಹೋಗಿಲ್ಲ. ಹಳೆಯ ತಳಿ ನೆಡುವವನು ಹಳೆಯ ರೋಗಗಳನ್ನೂ ಎದುರಿಸಬೇಕು.

2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಊರಿಗೆ ಹೆಸರು ಬಂತು. ತಳಿಗೆ ಹೆಸರು ತರುವ ಕೆಲಸ ಮಾತ್ರ ಕಾಗದದ ಮೇಲೆ ಆಗುವಂಥದ್ದಲ್ಲ. ಅದು ಕಣದಲ್ಲಿ, ಬೇರೆಯಾಗಿ ಇಟ್ಟ ಒಂದು ಸಣ್ಣ ರಾಶಿಯಿಂದ ಶುರುವಾಗಬೇಕು. ಆ ರಾಶಿಗೆ ನಾಲ್ಕು ಕಾಸು ಹೆಚ್ಚು ಕೊಡುವ ಗಿರಾಕಿ ನಮ್ಮೂರಲ್ಲೇ ಹುಟ್ಟಿದರೆ ಮಾತ್ರ ಅದು ಉಳಿದೀತು.