ವಕ್ರದಂತಗಳ ವರ್ಗೀಕರಣದ ಇತಿಹಾಸ: ಹೊಸಹಳ್ಳಿ ಸೀಮೆಯಿಂದ ಒಂದು ನೋಟ

ಕರ್ನಾಟಕದ ಶಾಲಾ ಮಕ್ಕಳ ಹಲ್ಲುಸಾಲಿನ ಮೇಲೆ ನಡೆದ ಮೂರು ಸಮೀಕ್ಷೆಗಳನ್ನು ಜೊತೆಗಿಟ್ಟು ಓದಿದವರಿಗೆ ಗೊಂದಲವಾಗುವುದು ಸಹಜ. 1971ರಲ್ಲಿ ಪ್ರಕಟವಾದ ಬೆಂಗಳೂರಿನ ಸಮೀಕ್ಷೆಯ ಪ್ರಕಾರ 5ರಿಂದ 15 ವರ್ಷದ ಮಕ್ಕಳಲ್ಲಿ ನೂರಕ್ಕೆ 51.5 ಮಂದಿಗೆ ವಕ್ರದಂತ. 2008ರಲ್ಲಿ ಅದೇ ಬೆಂಗಳೂರಿನ 8ರಿಂದ 12 ವರ್ಷದ ಮಕ್ಕಳ ಬಗ್ಗೆ ಬಂದ ಅಧ್ಯಯನದಲ್ಲಿ ಆ ಸಂಖ್ಯೆ 71. ಮರುವರ್ಷ ದಾವಣಗೆರೆ ನಗರದ 12ರಿಂದ 15 ವರ್ಷದ ಸಾವಿರ ಮಕ್ಕಳ ವರದಿ ಹೊರಬಂತು. ಅದರಲ್ಲಿ ನೂರಕ್ಕೆ 80 ಮಕ್ಕಳಿಗೆ ಚಿಕಿತ್ಸೆ ಬೇಕಿಲ್ಲ ಅಥವಾ ಅಲ್ಪಸ್ವಲ್ಪ ಸಾಕು ಎಂದಿತ್ತು.

ಒಂದೇ ರಾಜ್ಯದ ಮಕ್ಕಳ ದವಡೆಗಳು ಊರಿಂದೂರಿಗೆ ಇಷ್ಟು ಬೇರೆಯಾಗಲಾರವು. ವಯಸ್ಸಿನ ವ್ಯತ್ಯಾಸವನ್ನು ಕಳೆದರೂ ಉಳಿಯುವ ಅಂತರದ ಬಹುಪಾಲು ಅಳತೆಗೋಲಿನದು ಎಂಬುದು ಈ ಲೇಖನದ ವಾದ. ಬೆಂಗಳೂರಿನ 2008ರ ಅಧ್ಯಯನ ಹಿಡಿದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಪದ್ಧತಿಯನ್ನು. ದಾವಣಗೆರೆಯವರು ಹಿಡಿದದ್ದು 1986ರ ಸೂಚ್ಯಂಕವನ್ನು. ಮೊದಲನೆಯದು ಹಲ್ಲು ಯಾವ ಬಗೆಯಲ್ಲಿ ತಪ್ಪಿದೆ ಎಂದು ಕೇಳುತ್ತದೆ, ಎರಡನೆಯದು ಎಷ್ಟು ತಪ್ಪಿದೆ ಎಂದು.

ಬಗೆಗಳನ್ನು ಗುರುತಿಸುವ ಯತ್ನ ಹಳೆಯದು. ಲಂಡನ್ನಿನ ಜೋಸೆಫ್ ಫಾಕ್ಸ್ 1803ರಲ್ಲೇ ಹಲ್ಲುಗಳ ಅಡ್ಡಾದಿಡ್ಡಿತನವನ್ನು ವಿಂಗಡಿಸಿದ್ದ. 1836ರಲ್ಲಿ ಜರ್ಮನಿಯ ಕ್ನೈಸೆಲ್, 1840ರ ದಶಕದಲ್ಲಿ ವಿಯೆನ್ನಾದ ಕರಬೆಲ್ಲಿ ಇದನ್ನು ಮುಂದುವರಿಸಿದರು. ಕರಬೆಲ್ಲಿ ನೋಡಿದ್ದು ಮುಂಬಲ್ಲುಗಳನ್ನು: ಮೇಲಿನವು ಕೆಳಗಿನವನ್ನು ಮುಚ್ಚುತ್ತವೆಯೇ, ತುದಿಗೆ ತುದಿ ತಾಗುತ್ತವೆಯೇ, ನಡುವೆ ಸಂದು ಬಿಡುತ್ತವೆಯೇ ಎಂದು. ಬಾಯಿ ತೆರೆದೊಡನೆ ಕಾಣುವುದನ್ನೇ ಹೆಸರಿಸಿದ ಆ ಕ್ರಮದಲ್ಲಿ ಒಂದು ನೇರತನವಿತ್ತು.

ದೊಡ್ಡ ತಿರುವು ಬಂದದ್ದು 1899ರಲ್ಲಿ. ಎಡ್ವರ್ಡ್ ಹಾರ್ಟ್ಲಿ ಆಂಗಲ್ 'ಡೆಂಟಲ್ ಕಾಸ್ಮಾಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಮುಂಬಲ್ಲುಗಳನ್ನು ಬದಿಗಿಟ್ಟು, ಆರನೆಯ ವರ್ಷದ ಆಸುಪಾಸಿನಲ್ಲಿ ಹುಟ್ಟುವ ಮೊದಲ ಕಾಯಂ ದವಡೆ ಹಲ್ಲನ್ನು ಆಧಾರವಾಗಿ ಹಿಡಿಯಿತು. ಮೇಲಿನ ಆ ಹಲ್ಲಿನ ಹೊರಬದಿಯ ಮುಂದಿನ ಮೊನೆ ಕೆಳಗಿನ ಹಲ್ಲಿನ ಹೊರಬದಿಯ ತೋಡಿನಲ್ಲಿ ಕೂರಬೇಕು. ಅದು ಸರಿಯಾಗಿ ಕೂತು, ಉಳಿದ ಹಲ್ಲುಗಳು ಸಾಲು ತಪ್ಪಿದ್ದರೆ ಒಂದನೆಯ ವರ್ಗ. ಕೆಳದವಡೆಯ ಹಲ್ಲು ಹಿಂದೆ ಸರಿದಿದ್ದರೆ ಎರಡನೆಯ ವರ್ಗ; ಅದರಲ್ಲಿ ಮೇಲಿನ ಮುಂಬಲ್ಲುಗಳು ಮುಂದಕ್ಕೆ ಉಬ್ಬಿದ್ದರೆ ಒಂದು ವಿಭಾಗ, ಒಳಕ್ಕೆ ವಾಲಿದ್ದರೆ ಇನ್ನೊಂದು. ಕೆಳಗಿನದು ಮುಂದೆ ಬಂದಿದ್ದರೆ ಮೂರನೆಯ ವರ್ಗ. ಮುಂದೆ ಆಂಗಲ್ ತಾನು ನೋಡಿದ ಸಾವಿರ ಪ್ರಕರಣಗಳ ಲೆಕ್ಕ ಕೊಟ್ಟಾಗ ಅವುಗಳಲ್ಲಿ 692 ಒಂದನೆಯ ವರ್ಗದವು.

ಈ ಪದ್ಧತಿ ನೂರಿಪ್ಪತ್ತು ವರ್ಷ ದಾಟಿ ಬಾಳಿದ್ದಕ್ಕೆ ಕಾರಣ ಅದರ ಸರಳತೆ. ಕನ್ನಡಿಯೊಂದಿದ್ದರೆ ಸಾಕು, ಅರೆ ನಿಮಿಷದಲ್ಲಿ ವರ್ಗ ಬರೆಯಬಹುದು. ಬೆಂಗಳೂರಿನ ವೈದ್ಯ ಬರೆದದ್ದು ಬರ್ಲಿನ್ನಿನವನಿಗೂ ಅರ್ಥವಾಗುತ್ತದೆ. ಆದರೆ ಅದರ ಬೇರಿನಲ್ಲೇ ಒಂದು ನಂಬಿಕೆಯಿತ್ತು. ಮೇಲಿನ ದವಡೆ ಹಲ್ಲು ತನ್ನ ಜಾಗ ಬಿಟ್ಟು ಕದಲುವುದಿಲ್ಲ ಎಂದು ಆಂಗಲ್ ನಂಬಿದ್ದ. ವಾಸ್ತವದಲ್ಲಿ ಅದು ಕದಲುತ್ತದೆ. ಅದರ ಮುಂದಿನ ಹಾಲು ಹಲ್ಲು ಹುಳುಕಾಗಿ ಬೇಗ ಉದುರಿದರೆ, ಖಾಲಿಯಾದ ಜಾಗಕ್ಕೆ ಇದು ಸರಿದು ಬರುತ್ತದೆ. ಆಗ ದವಡೆಯ ಎಲುಬಿನಲ್ಲಿ ಯಾವ ದೋಷವೂ ಇಲ್ಲದ ಮಗು ಎರಡನೆಯ ವರ್ಗಕ್ಕೆ ಬೀಳುತ್ತದೆ.

ಟೀಕೆಗಳು ಬೇಗನೆ ಬಂದವು. 1915ರಲ್ಲಿ ಡ್ಯೂಯಿ ಒಂದನೆಯ ಮತ್ತು ಮೂರನೆಯ ವರ್ಗಗಳನ್ನು ಒಳಬಗೆಗಳಾಗಿ ಒಡೆದ. 1920ರ ದಶಕದಲ್ಲಿ ಜರ್ಮನಿಯ ಸೈಮನ್ ಹಲ್ಲುಗಳನ್ನು ತಲೆಬುರುಡೆಯ ಮೂರು ಸಮತಲಗಳಿಗೆ ಹೋಲಿಸಿ ಅಳೆಯಬೇಕೆಂದ. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾತ್ ತಲೆಯ ಎಕ್ಸ್‌ರೇಯನ್ನು ನಿಗದಿತ ಕ್ರಮದಲ್ಲಿ ತೆಗೆಯುವ ವಿಧಾನ ರೂಪಿಸಿದ ಮೇಲೆ, ದೋಷ ಹಲ್ಲಿನದೋ ಎಲುಬಿನದೋ ಎಂದು ಬೇರ್ಪಡಿಸಿ ನೋಡುವುದು ಸಾಧ್ಯವಾಯಿತು. 1969ರಲ್ಲಿ ಆಕರ್‌ಮನ್ ಮತ್ತು ಪ್ರಾಫಿಟ್ ಹಲ್ಲುಸಾಲು, ಮುಖದ ಪಕ್ಕನೋಟ, ಅಗಲ, ಹಿಂದುಮುಂದು, ಎತ್ತರ ಈ ಐದನ್ನೂ ಒಂದರೊಳಗೊಂದು ಬೆರೆತ ವೃತ್ತಗಳಲ್ಲಿ ತೋರಿಸಿದರು. ವೈದ್ಯರಿಗೆ ಇವೆಲ್ಲ ಉಪಯುಕ್ತ. ಊರೂರು ಸುತ್ತಿ ಮಕ್ಕಳನ್ನು ಎಣಿಸುವವರಿಗೆ ಮಾತ್ರ ಭಾರ.

ಎಣಿಸುವವರ ಕೈಗೆ ಸಿಕ್ಕಿದ್ದು ದಂತ ಸೌಂದರ್ಯ ಸೂಚ್ಯಂಕ. ಕಾನ್ಸ್, ಜೆನ್ನಿ, ಕೋಹೌಟ್ ಎಂಬ ಮೂವರು ಅಯೋವಾದಲ್ಲಿ 1986ರಲ್ಲಿ ಇದನ್ನು ರೂಪಿಸಿದರು. ಹಲ್ಲುಸಾಲಿನ ಇನ್ನೂರು ಚಿತ್ರಗಳ ಬಗ್ಗೆ ಸಾಮಾನ್ಯ ಜನರ ಅಭಿಪ್ರಾಯ ಪಡೆದು, ಯಾವ ತಪ್ಪು ಎಷ್ಟು ಎದ್ದು ಕಾಣುತ್ತದೆ ಎಂದು ಲೆಕ್ಕ ಹಾಕಿ, ಹತ್ತು ಲಕ್ಷಣಗಳಿಗೆ ತೂಕ ಕೊಟ್ಟರು. ಕಾಣುವ ಹಲ್ಲೊಂದು ಇಲ್ಲದಿದ್ದರೆ 6, ಮೇಲಿನ ಮುಂಬಲ್ಲು ಮುಂದೆ ಬಂದ ಪ್ರತಿ ಮಿಲಿಮೀಟರಿಗೆ 2, ದವಡೆ ಹಲ್ಲಿನ ಸಂಬಂಧಕ್ಕೆ 3. ಆಂಗಲ್ ಪದ್ಧತಿಯಲ್ಲಿ ಎಲ್ಲವನ್ನೂ ನಿರ್ಧರಿಸುತ್ತಿದ್ದ ಹಲ್ಲು ಇಲ್ಲಿ ಹತ್ತರಲ್ಲಿ ಒಂದಾಯಿತು. ಮೊತ್ತ 25 ದಾಟದಿದ್ದರೆ ಚಿಂತೆ ಬೇಡ. 36 ಮುಟ್ಟಿದರೆ ಅಥವಾ ದಾಟಿದರೆ ಚಿಕಿತ್ಸೆ ಕೊಡಲೇಬೇಕು. ದಾವಣಗೆರೆಯ ಸಾವಿರ ಮಕ್ಕಳಲ್ಲಿ 36 ಮುಟ್ಟಿದವರು ನೂರಕ್ಕೆ 0.5, ಅಂದರೆ ಐದು ಮಕ್ಕಳು. 31ರಿಂದ 35ರ ನಡುವಿನವರು 3.7. ಈ ಸೂಚ್ಯಂಕಕ್ಕೂ ಕುರುಡುತನವಿದೆ. ಮೇಲಿನ ಹಲ್ಲು ಕೆಳಗಿನದನ್ನು ಪೂರ್ತಿ ಮುಚ್ಚುವ ಆಳದ ಕಚ್ಚು, ದವಡೆ ಹಲ್ಲುಗಳ ಅಡ್ಡ ಕಚ್ಚು ಇದರ ಲೆಕ್ಕಕ್ಕೆ ಬರುವುದಿಲ್ಲ. 1989ರಲ್ಲಿ ಬ್ರಿಟನ್ನಿನ ಬ್ರೂಕ್ ಮತ್ತು ಶಾ ರೂಪಿಸಿದ ಚಿಕಿತ್ಸಾ ಅಗತ್ಯ ಸೂಚ್ಯಂಕ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಅದರಲ್ಲಿ ಮುಂಬಲ್ಲು 9 ಮಿಲಿಮೀಟರಿಗಿಂತ ಹೆಚ್ಚು ಮುಂದಿದ್ದರೆ ಐದನೆಯ, ಅಂದರೆ ಕೊನೆಯ ದರ್ಜೆ.

ಕರ್ನಾಟಕದಲ್ಲಿ ವಕ್ರದಂತಗಳನ್ನು ಅಳೆಯುವ, ಸರಿಪಡಿಸುವ ಈ ವಿದ್ಯೆ ನೆಲೆಯೂರಿದ್ದು ಕಾಲೇಜುಗಳ ಮೂಲಕ. 1958ರಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, 1965ರಲ್ಲಿ ಮಣಿಪಾಲ. ಅದೇ 1965ರಲ್ಲಿ ವಕ್ರದಂತ ತಜ್ಞರ ಭಾರತೀಯ ಆರ್ಥೊಡಾಂಟಿಕ್ ಸೊಸೈಟಿ. 1979ರಲ್ಲಿ ದಾವಣಗೆರೆಯ ಬಾಪೂಜಿ ದಂತ ಕಾಲೇಜು ಆರಂಭವಾದ ಮೇಲೆ ಮಧ್ಯ ಕರ್ನಾಟಕಕ್ಕೂ ಒಂದು ಕೇಂದ್ರ ಸಿಕ್ಕಿತು.

2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಂಥ ಊರಿಗೆ ನಗರದ ಅಳತೆಗೋಲನ್ನು ಹಾಗೇ ಒಯ್ದರೆ ಎರಡು ಕಡೆ ಎಡವುತ್ತೇವೆ. ಮೊದಲನೆಯದು ಆ ಆರು ವರ್ಷದ ಹಲ್ಲೇ. ಯಾವ ಹಾಲು ಹಲ್ಲೂ ಉದುರದೆ, ಸಾಲಿನ ಹಿಂದೆ ಸದ್ದಿಲ್ಲದೆ ಹುಟ್ಟುವುದರಿಂದ ಎಷ್ಟೋ ಮನೆಗಳಲ್ಲಿ ಅದನ್ನೂ ಹಾಲು ಹಲ್ಲೆಂದೇ ತಿಳಿಯುತ್ತಾರೆ. 'ಬಿದ್ದು ಮತ್ತೆ ಬರ್ತದ ಬಿಡು' ಎಂದು ಹುಳುಕನ್ನು ಬಿಟ್ಟು, ನೋವು ತಡೆಯಲಾಗದಾಗ ಕೀಳಿಸುತ್ತಾರೆ. ಆ ಹಲ್ಲು ಹೋದ ಬಾಯಿಯಲ್ಲಿ ಆಂಗಲ್ ಪದ್ಧತಿಗೆ ನಿಲ್ಲಲು ನೆಲವೇ ಇಲ್ಲ. ವೈದ್ಯರು ಆಗ ಕೋರೆ ಹಲ್ಲುಗಳನ್ನು ನೋಡಿ ವರ್ಗ ಹೇಳುತ್ತಾರೆ.

ಎರಡನೆಯದು ನೀರು. ಬಳ್ಳಾರಿ ಸೀಮೆಯ ಕೊಳವೆ ಬಾವಿಗಳಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಕಾಯಂ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಈ ಮಿತಿ ಮೀರಿದ ನೀರು ಕುಡಿದ ಮಗುವಿನ ಹಲ್ಲಿನ ಹೊರಪದರದಲ್ಲಿ ಬಿಳಿ ಪಟ್ಟೆ, ಮುಂದುವರಿದರೆ ಕಂದು ಕಲೆ. ವಕ್ರದಂತ ಚಿಕಿತ್ಸೆಗೂ ಇದಕ್ಕೂ ನೇರ ನಂಟಿದೆ. ಇಂದು ತಂತಿ ಹಿಡಿಯುವ ಬ್ರಾಕೆಟ್ಟನ್ನು ಅಂಟಿಸುವುದು ಹಲ್ಲಿನ ಮೇಲ್ಮೈಯನ್ನು ಆಮ್ಲದಿಂದ ಒರಟು ಮಾಡಿ. 1955ರಲ್ಲಿ ಬುವೊನೊಕೋರ್ ತೋರಿಸಿದ ದಾರಿ ಅದು. ಫ್ಲೋರೈಡ್ ಹಿಡಿದ ಹೊರಪದರ ಆ ಆಮ್ಲಕ್ಕೆ ಸುಲಭವಾಗಿ ಬಗ್ಗದು, ಬ್ರಾಕೆಟ್ ಬೇಗ ಕಳಚಿ ಬರುತ್ತದೆ. ಕಳಚಿದಾಗಲೆಲ್ಲ ಕೂಲಿ ಬಿಟ್ಟು, ಬಸ್ಸು ಹಿಡಿದು ದಾವಣಗೆರೆಗೋ ಬಳ್ಳಾರಿಗೋ ಹೋಗಬೇಕಾದ ಕುಟುಂಬಕ್ಕೆ ಅದು ಸಣ್ಣ ಸಂಗತಿಯಲ್ಲ. ಆದರೂ ನಾವು ನೋಡಿದ ಯಾವ ವರ್ಗೀಕರಣದಲ್ಲೂ ಈ ಕಲೆಗೆ ಒಂದು ಕಲಂ ಇಲ್ಲ. ಅದನ್ನು ಅಳೆಯುವ ಡೀನ್ ಸೂಚ್ಯಂಕ ಬೇರೆಯೇ ಶಾಸ್ತ್ರದ ಸ್ವತ್ತಾಗಿ ಉಳಿದಿದೆ.

ಹೀಗಾಗಿ ಈ ಸೀಮೆಯ ಶಾಲೆಗಳಲ್ಲಿ ಆಂಗಲ್ ವರ್ಗಕ್ಕಿಂತ ಮೊದಲು ಬರೆದುಕೊಳ್ಳಬೇಕಾದವು ಬೇರೆ ಇವೆ ಎಂದು ನನಗೆ ದೃಢವಾಗಿ ಅನಿಸುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ಪಟ್ಟಿಯಲ್ಲಿ ಸೀಳುತುಟಿಯೂ ಹಲ್ಲಿನ ಹುಳುಕೂ ಸೇರಿವೆ. ಆ ಕಾರ್ಯಕ್ರಮದ ತಂಡ ಮಗುವಿನ ಬಾಯಿ ನೋಡುವಾಗಲೇ ಐದು ಸಂಗತಿ ದಾಖಲಿಸಬಹುದು: ಆರು ವರ್ಷದ ದವಡೆ ಹಲ್ಲು ನಾಲ್ಕೂ ಇವೆಯೇ, ಹುಳುಕಾಗಿವೆಯೇ, ಮೇಲಿನ ಮುಂಬಲ್ಲು ಎಷ್ಟು ಮಿಲಿಮೀಟರ್ ಮುಂದಿದೆ, ಹುಟ್ಟಬೇಕಾದ ಹಲ್ಲು ಯಾವುದಾದರೂ ಬಾರದೆ ಉಳಿದಿದೆಯೇ, ಡೀನ್ ಪ್ರಕಾರ ಕಲೆಯ ದರ್ಜೆ ಯಾವುದು. ಎಂಟೊಂಬತ್ತರ ವಯಸ್ಸಿನಲ್ಲಿ ಮೇಲಿನ ಮುಂಬಲ್ಲುಗಳ ನಡುವೆ ಕಾಣುವ ಸಂದನ್ನು ದೋಷವೆಂದು ಬರೆಯುವ ಅವಸರ ಬೇಡ; ಕೋರೆ ಹಲ್ಲು ಇಳಿದಂತೆ ಅದು ಸಾಮಾನ್ಯವಾಗಿ ತಾನೇ ಮುಚ್ಚುತ್ತದೆ. ಮುಂಬಲ್ಲು ಬಹಳ ಮುಂದಿರುವ ಮಗುವನ್ನು ಮಾತ್ರ ಕಾಯಿಸಬಾರದು. ಆಟದಲ್ಲಿ ಬಿದ್ದಾಗ ಮುರಿಯುವ ಅಪಾಯ ಹೆಚ್ಚಿರುವುದು ಅಂಥ ಹಲ್ಲಿಗೆ.