ಭೋಗೋಪಭೋಗ ಪರಿಮಾಣ: ಶ್ರಾವಕಾಚಾರ ಗ್ರಂಥಗಳಲ್ಲಿ ಬಳಕೆಯ ಅಳತೆ

೨೦೨೨ರ ಜುಲೈ ೧ರಂದು ಭಾರತದಾದ್ಯಂತ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚ, ಹೀರುಗೊಳವೆ, ಅಲಂಕಾರದ ಥರ್ಮೊಕೋಲ್ ಮೊದಲಾದ ವಸ್ತುಗಳಿದ್ದವು. ಕರ್ನಾಟಕ ಸರ್ಕಾರ ೨೦೧೬ರ ಮಾರ್ಚ್ ತಿಂಗಳಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತ್ತು. ‘ಏಕಬಳಕೆಯ ಪ್ಲಾಸ್ಟಿಕ್’ ಎಂಬ ಮಾತು ಕನ್ನಡದಲ್ಲಿ ರೂಢಿಗೆ ಬಂದದ್ದು ಈ ವರ್ಷಗಳಲ್ಲಿ. ಮಾತು ಹೊಸದು, ಅದರ ಹಿಂದಿರುವ ವಿಂಗಡಣೆ ಹೊಸದಲ್ಲ. ವಸ್ತುವನ್ನು ಅದು ಯಾವ ದ್ರವ್ಯದಿಂದಾಯಿತು ಎಂಬುದರಿಂದ ಮಾತ್ರವಲ್ಲದೆ, ಎಷ್ಟು ಸಲ ಬಳಕೆಗೆ ಒದಗುತ್ತದೆ ಎಂಬುದರಿಂದಲೂ ಗುರುತಿಸುವ ಕ್ರಮ ಜೈನ ಶ್ರಾವಕಾಚಾರ ಗ್ರಂಥಗಳಲ್ಲಿ ಒಂದು ವ್ರತಕ್ಕೆ ಆಧಾರವಾಗಿದೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ೧೫೦ ಶ್ಲೋಕಗಳ ಚಿಕ್ಕ ಕೃತಿ. ಗೃಹಸ್ಥಧರ್ಮವನ್ನು ಕುರಿತ ದಿಗಂಬರ ಗ್ರಂಥಗಳಲ್ಲಿ ಇಷ್ಟು ಪ್ರಚಾರ ಪಡೆದದ್ದು ಇನ್ನೊಂದಿಲ್ಲವೆಂದರೆ ಸಲ್ಲುತ್ತದೆ. ಇದರಲ್ಲಿ ಗುಣವ್ರತಗಳು ಮೂರು: ದಿಗ್ವ್ರತ, ಅನರ್ಥದಂಡವ್ರತ, ಭೋಗೋಪಭೋಗ ಪರಿಮಾಣ ವ್ರತ. ಮೂರನೆಯದನ್ನು ವಿವರಿಸುವಾಗ ಆಚಾರ್ಯರು ಮೊದಲು ಎರಡು ಪದಗಳ ಅರ್ಥವನ್ನು ನಿಶ್ಚಯಿಸುತ್ತಾರೆ. ಒಮ್ಮೆ ಅನುಭವಿಸಿ ಬಿಟ್ಟುಬಿಡಬೇಕಾದದ್ದು ಭೋಗ, ಅನ್ನದಂತೆ. ಅನುಭವಿಸಿದ ಮೇಲೂ ಮತ್ತೆ ಮತ್ತೆ ಅನುಭವಿಸಲು ಬರುವುದು ಉಪಭೋಗ, ಬಟ್ಟೆಯಂತೆ. ಬಳಕೆಯ ಸಲವೊಂದೇ ಇಲ್ಲಿ ಅಳತೆಗೋಲು. ವಸ್ತುವಿನ ಬೆಲೆಯಾಗಲಿ, ಅಂದವಾಗಲಿ ಲೆಕ್ಕಕ್ಕೆ ಬರುವುದಿಲ್ಲ.

ಈ ಪದಗಳ ವಿಷಯದಲ್ಲಿ ವಿದ್ಯಾರ್ಥಿಗಳು ಎಚ್ಚರ ವಹಿಸಬೇಕು. ತತ್ತ್ವಾರ್ಥಸೂತ್ರದಲ್ಲಿ ಇದೇ ವ್ರತದ ಹೆಸರು ಉಪಭೋಗ-ಪರಿಭೋಗ ಪರಿಮಾಣ. ಅದರ ಮೇಲೆ ಸರ್ವಾರ್ಥಸಿದ್ಧಿಯನ್ನು ಬರೆದ ಪೂಜ್ಯಪಾದರು ಅನ್ನ, ಪಾನ, ಗಂಧ, ಮಾಲೆ ಮೊದಲಾದವನ್ನು ಉಪಭೋಗವೆಂದೂ, ಉಡುವ ಹೊದೆಯುವ ಬಟ್ಟೆ, ಆಭರಣ, ಹಾಸಿಗೆ, ಆಸನ, ಮನೆ, ವಾಹನ ಮೊದಲಾದವನ್ನು ಪರಿಭೋಗವೆಂದೂ ಕರೆಯುತ್ತಾರೆ. ಸಮಂತಭದ್ರರಲ್ಲಿ ಮರುಬಳಕೆಯ ವಸ್ತುವಿಗೆ ಸಂದ ಹೆಸರು ಪೂಜ್ಯಪಾದರಲ್ಲಿ ಒಮ್ಮೆ ಬಳಸುವ ವಸ್ತುವಿಗೆ ಸಲ್ಲುತ್ತದೆ. ಹೆಸರುಗಳು ಅದಲುಬದಲಾದರೂ ಗೆರೆ ಮಾತ್ರ ಇಬ್ಬರಲ್ಲಿಯೂ ಅದೇ ಜಾಗದಲ್ಲಿದೆ.

ಗೆರೆ ಎಳೆದ ಮೇಲೆ ಪರಿಮಾಣ, ಎಂದರೆ ಅಳತೆ. ಸಮಂತಭದ್ರರು ತ್ಯಾಗವನ್ನು ಯಮವೆಂದೂ ನಿಯಮವೆಂದೂ ಎರಡಾಗಿ ಮಾಡುತ್ತಾರೆ. ಬದುಕಿರುವವರೆಗಿನದು ಯಮ, ಕಾಲಮಿತಿಯುಳ್ಳದ್ದು ನಿಯಮ. ನಿಯಮಕ್ಕೆ ಅವರು ಹೇಳುವ ವಿಷಯಗಳು ಸಾಮಾನ್ಯ ಮನೆಯ ದಿನಚರಿಯಿಂದಲೇ ಬಂದವು: ಊಟ, ವಾಹನ, ಹಾಸಿಗೆ, ಸ್ನಾನ, ಲೇಪನ, ಹೂವು, ತಾಂಬೂಲ, ಬಟ್ಟೆ, ಒಡವೆ, ಕಾಮ, ಸಂಗೀತ, ಗೀತ. ಕಾಲಮಿತಿಯೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇಂದು, ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಇವುಗಳಲ್ಲಿ ಯಾವುದನ್ನಾದರೂ ಗೃಹಸ್ಥನು ತನ್ನ ಶಕ್ತಿಯಂತೆ ಆರಿಸಿಕೊಳ್ಳಬಹುದು. ಸನ್ಯಾಸಿಯಲ್ಲದವನಿಗೆ ಎಲ್ಲವನ್ನೂ ಬಿಡೆಂದು ಹೇಳಿ ಫಲವಿಲ್ಲವೆಂಬುದನ್ನು ಬಲ್ಲವರ ರಚನೆ ಇದು. ಇಂದಿನ ಒಂದು ದಿನಕ್ಕೆ ಒಂದು ವಸ್ತುವನ್ನು ಬಿಡುವವನಿಗೂ ಇಲ್ಲಿ ಸ್ಥಾನವಿದೆ.

ಇದೇ ಪ್ರಕರಣದಲ್ಲಿ ಇನ್ನೊಂದು ಒರೆಗಲ್ಲಿದೆ. ಹಸಿಶುಂಠಿ, ಮೂಲಂಗಿ, ಬೆಣ್ಣೆ, ಬೇವಿನ ಹೂ, ಕೇದಗೆ ಮುಂತಾದವನ್ನು ಬಿಡಲು ಆಚಾರ್ಯರು ಕೊಡುವ ಕಾರಣ, ಅವುಗಳಿಂದ ದೊರೆಯುವ ಫಲ ಅಲ್ಪ, ಆಗುವ ಜೀವಘಾತ ಬಹಳ ಎಂಬುದು. ಗಡ್ಡೆಗೆಣಸುಗಳ ನಿಷೇಧವನ್ನು ಪಟ್ಟಿಯಾಗಿ ಕಂಠಪಾಠ ಮಾಡಿದ ಪರಂಪರೆಯಲ್ಲಿ ಈ ಕಾರಣ ಎಷ್ಟೋ ಸಲ ಮರೆತುಹೋಗಿದೆ. ಹತ್ತು ನಿಮಿಷ ಚಹಾ ಹಿಡಿದು ಆಮೇಲೆ ಶತಮಾನಗಳ ಕಾಲ ಮಣ್ಣಿನಲ್ಲಿ ಉಳಿಯಬಲ್ಲ, ದನದ ಹೊಟ್ಟೆಯನ್ನು ಸೇರಬಲ್ಲ ಲೋಟಕ್ಕೆ ಇದಕ್ಕಿಂತ ನೇರವಾಗಿ ಹೊಂದುವ ಲಕ್ಷಣವನ್ನು ಹುಡುಕುವುದು ಕಷ್ಟ.

ಆದರೆ ಪ್ರಾಚೀನ ಆಚಾರ್ಯರನ್ನು ಪರಿಸರವಾದಿಗಳೆಂದು ಕರೆಯುವ ಈಚಿನ ಉತ್ಸಾಹವನ್ನು ಒಪ್ಪಲಾಗದು. ವ್ರತದ ಗುರಿ ಊರಿನ ಸ್ವಚ್ಛತೆಯಲ್ಲ, ರಾಗವನ್ನು ಕೃಶಗೊಳಿಸುವುದು. ಅತಿಚಾರಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ತತ್ತ್ವಾರ್ಥಸೂತ್ರ ಈ ವ್ರತದ ಐದು ಅತಿಚಾರಗಳನ್ನೂ ಆಹಾರದ ದೋಷಗಳಾಗಿ ಹೇಳುತ್ತದೆ. ಸಮಂತಭದ್ರರು ಆ ದಾರಿಯನ್ನು ಬಿಟ್ಟು ಅತಿಚಾರವನ್ನು ಮನಸ್ಸಿನಲ್ಲಿ ಗುರುತಿಸುತ್ತಾರೆ: ವಿಷಯವೆಂಬ ವಿಷವನ್ನು ಉಪೇಕ್ಷಿಸದಿರುವುದು, ಅನುಭವಿಸಿದ್ದನ್ನು ಮತ್ತೆ ನೆನೆಯುವುದು, ಅತಿಯಾದ ಲೋಲುಪತೆ, ಮುಂದಿನದರ ತೃಷೆ, ಅತಿಯಾದ ಅನುಭವ. ಮನೆಯ ಕಸದ ಬುಟ್ಟಿ ಹಗುರಾದರೆ ಅದು ಈ ಸಾಧನೆಯ ಫಲಗಳಲ್ಲೊಂದು ಮಾತ್ರ. ಹಾಗೆಂದು ಹೊರಗಿನ ಜಗತ್ತು ಇವರ ದೃಷ್ಟಿಗೆ ಬಿದ್ದಿಲ್ಲವೆನ್ನುವಂತಿಲ್ಲ. ಅನರ್ಥದಂಡದ ಐದು ಭೇದಗಳಲ್ಲಿ ಒಂದಾದ ಪ್ರಮಾದಚರ್ಯೆಗೆ ಕೊಟ್ಟ ಉದಾಹರಣೆಗಳಲ್ಲಿ ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಸೇರಿವೆ. ಸೂತ್ರಕಾರರಂತೂ ಅಗತ್ಯಕ್ಕಿಂತ ಹೆಚ್ಚು ಭೋಗಸಾಮಗ್ರಿಯನ್ನು ಕೂಡಿಡುವುದನ್ನೇ ಈ ವ್ರತದ ಅತಿಚಾರವೆಂದಿದ್ದಾರೆ.

ಬದಲಾದದ್ದು ಭೋಗವಸ್ತುವಿನ ಗುಣ. ಸಮಂತಭದ್ರರ ಕಾಲದ ಅನ್ನ, ಹೂವು, ವೀಳ್ಯದೆಲೆ ಬಳಸಿದೊಡನೆ ಅಳಿಯುತ್ತಿದ್ದವು. ಊಟದ ಮುತ್ತುಗದೆಲೆ ಗೊಬ್ಬರದ ಗುಂಡಿಗೆ ಹೋಗಿ ಹೊಲಕ್ಕೆ ಮರಳುತ್ತಿತ್ತು. ಬಿಟ್ಟ ವಸ್ತು ಎಲ್ಲಿಗೆ ಹೋಯಿತೆಂದು ಗೃಹಸ್ಥನು ಕೇಳಬೇಕಾಗಿರಲಿಲ್ಲ. ಹಾಗೆ ಕೇಳುವ ಹೊಣೆ ಇದ್ದದ್ದು ಮುನಿಗೆ. ಮಲಮೂತ್ರಾದಿಗಳನ್ನು ಜೀವರಹಿತವಾದ ಜಾಗವನ್ನು ನೋಡಿಯೇ ಬಿಡಬೇಕೆಂಬ ಉತ್ಸರ್ಗ ಸಮಿತಿ ಅವನ ಐದು ಸಮಿತಿಗಳಲ್ಲಿ ಒಂದು. ಇಂದಿನ ಭೋಗವಸ್ತುವಾದರೋ ಬಳಕೆಯಲ್ಲಿ ಒಂದು ಗಳಿಗೆಯದು, ಬಾಳಿಕೆಯಲ್ಲಿ ಮನೆಗಿಂತ ದೀರ್ಘವಾದುದು. ಬೆಂಗಳೂರಿನ ಮನೆಗಳು ಬಿಟ್ಟದ್ದು ಮಂಡೂರಿನ ಜನರ ಬಾಗಿಲಲ್ಲಿ ಬೆಟ್ಟವಾಗಿ, ಅವರ ಹೋರಾಟದ ಬಳಿಕ ೨೦೧೪ರ ಕೊನೆಯಲ್ಲಷ್ಟೇ ಅಲ್ಲಿಗೆ ಕಸದ ಸಾಗಾಟ ನಿಂತಿತು. ಉತ್ಸರ್ಗ ಸಮಿತಿಯ ಪ್ರಶ್ನೆ ಹೀಗೆ ಗೃಹಸ್ಥನ ಅಡುಗೆಮನೆಗೂ ಬಂದಿದೆ.

ಗೃಹಸ್ಥಾಚಾರದಲ್ಲಿ ಇದಕ್ಕೆ ಹತ್ತಿರವಾದ ಒಂದು ರೂಢಿ ಇತ್ತು. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೆಲಕ್ಕೆ ಕೊಡವದೆ, ನೀರು ಸೇದಿದ ಬಾವಿಗೇ ಜೋಪಾನವಾಗಿ ಮರಳಿಸುತ್ತಿದ್ದರು. ಬಂದದ್ದು ಬಂದಲ್ಲಿಗೇ ಹೋಗಬೇಕೆಂಬ ಈ ಕಟ್ಟುನಿಟ್ಟು ಬಾವಿಯೊಂದಿಗೆ ಮರೆಯಾಯಿತು. ಸೋಸುವ ಬಟ್ಟೆಯ ಸ್ಥಾನಕ್ಕೆ ಬಂದ ನೀರಿನ ಬಾಟಲಿ ಈಗ ಪೂಜೆ, ಪ್ರತಿಷ್ಠಾ ಮಹೋತ್ಸವಗಳ ಪಂಕ್ತಿಯಲ್ಲಿಯೂ ಸಾಲಾಗಿ ನಿಲ್ಲುತ್ತದೆ. ಅದೇ ಪಂಕ್ತಿಯಲ್ಲಿ ಆಲೂಗಡ್ಡೆ ಬಡಿಸುವುದಿಲ್ಲ.

ನಿಯಮದ ಪದ್ಧತಿ ಮಾತ್ರ ಇನ್ನೂ ಜೀವಂತವಾಗಿದೆ. ಶ್ವೇತಾಂಬರರಲ್ಲಿ ಬೆಳಿಗ್ಗೆ ಧಾರಣ ಮಾಡುವ ಹದಿನಾಲ್ಕು ನಿಯಮಗಳಿವೆ. ಇಂದು ಎಷ್ಟು ಬಗೆಯ ಪದಾರ್ಥ, ಎಷ್ಟು ಬಟ್ಟೆ, ಎಷ್ಟು ಪಾದರಕ್ಷೆ, ಎಷ್ಟು ವಾಹನ ಎಂದು ಅವುಗಳಲ್ಲಿ ಎಣಿಸುತ್ತಾರೆ. ದಿಗಂಬರ ಮನೆಗಳಲ್ಲಿ ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಇಂಥದೇ ಲೆಕ್ಕ ನಡೆಯುತ್ತದೆ. ಬಾಯಿಗೆ ಹೋಗುವ ಪದಾರ್ಥ ಎಣಿಕೆಗೆ ಸಿಗುತ್ತದೆ, ಅದನ್ನು ಸುತ್ತಿ ತಂದ ಹೊದಿಕೆ ಸಿಗುವುದಿಲ್ಲ. ಅದನ್ನು ಸೇರಿಸಿಕೊಳ್ಳಲು ಹೊಸ ಶಾಸ್ತ್ರ ಬೇಕಾಗಿಲ್ಲ. ಪೂಜ್ಯಪಾದರು ತಮ್ಮ ಎರಡು ಪಟ್ಟಿಗಳನ್ನೂ ಮುಗಿಸುವುದು ‘ಆದಿ’ ಎಂಬ ಪದದಿಂದ.